ಸೌಲನನ್ನು ಕ್ಷಮಿಸದ ನನ್ನಣ್ಣ

ಹಂಚಿನ ಭಟ್ಟಿಯ ಏಳನೇ ಕೋಣೆಯ ಬಾಗಿಲು ಒಡೆಸಿದ್ದು ನಾನು. ನನ್ನ ಅಣ್ಣ ಅಲ್ಲ. ಇಷ್ಟನ್ನು ಹೇಳಲು ನನಗೆ ಒಂಬತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಹೇಳುವಷ್ಟರಲ್ಲಿ ಅಣ್ಣ ಇರಲಿಲ್ಲ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆದು ಅಭ್ಯಾಸವಿಲ್ಲ. ಓದಲು ಕಲಿಸಿದ್ದು ಶಾಲೆಗಿಂತ ಹೆಚ್ಚಾಗಿ ಅಣ್ಣನೇ, ವೇದಪಾಠದ, ಅಂದರೆ ಬೈಬಲ್ ಪಾಠದ, ಪುಸ್ತಕದಲ್ಲಿ ಬೆರಳಿಟ್ಟು. ಅವನು ಹೋದ ಮೇಲೆ ಊರಿನವರು ಅವನ ಬಗ್ಗೆ ಒಳ್ಳೆಯ ಮಾತು ಬಹಳ ಆಡಿದರು. ಅದರ ಕೊನೆಗೆ ಪ್ರತಿಯೊಬ್ಬರೂ ಒಂದು ‘ಆದರೆ’ ಸೇರಿಸಿದರು. ‘ಒಳ್ಳೆ ಮನುಷ್ಯ, ಆದರೆ ಆ ಒಂದು ಸಲ ಭಟ್ಟಿ ಬಿಟ್ಟು ಹೋಗಿಬಿಟ್ಟ.’ ಆ ‘ಆದರೆ’ಯನ್ನು ಅವನ ಹೆಸರಿಗೆ ಅಂಟಿಸಿದವನು ನಾನು. ಅದಕ್ಕಾಗಿ ಬರೆಯುತ್ತಿದ್ದೇನೆ.

ಅಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು. ಅಪ್ಪ ತೀರಿಕೊಂಡಾಗ ನನಗೆ ಎರಡು ವರ್ಷ. ಅಂದಿನಿಂದ ಅವನೇ ಅಪ್ಪ. ನೇತ್ರಾವತಿಯ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಕೆಲಸಕ್ಕೆ ಸೇರಿ, ಮೂವತ್ತು ತುಂಬುವ ಮೊದಲೇ ಭಟ್ಟಿಯ ಮೇಸ್ತ್ರಿಯಾದ. ಕುಳ್ಳ. ಎದೆ ಅಗಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ, ನಗು ಏನೋ ತಪ್ಪು ಕೆಲಸ ಎನ್ನುವ ಹಾಗೆ. ಯಾವ ವಸ್ತು ಕೈಗೆ ಸಿಕ್ಕಿದರೂ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದ. ಹಂಚನ್ನು ಹಾಗೆ ನೋಡುವುದು ಕಾರ್ಖಾನೆಯ ಎಲ್ಲರಿಗೂ ರೂಢಿ: ಚೆನ್ನಾಗಿ ಬೆಂದದ್ದು ಗಂಟೆಯ ಹಾಗೆ ಕೇಳುತ್ತದೆ, ಒಡಕಿದ್ದರೆ ಸದ್ದು ಸತ್ತಿರುತ್ತದೆ. ಅಣ್ಣ ಮಾತ್ರ ತಟ್ಟೆ, ತೆಂಗಿನಕಾಯಿ, ಬಾಗಿಲಿನ ಚೌಕಟ್ಟು, ನನ್ನ ತಲೆ ಎಲ್ಲವನ್ನೂ ಹಾಗೆಯೇ ಪರೀಕ್ಷಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಅತ್ತಿಗೆ ಅಮ್ಮನೊಡನೆ, “ಇವರು ನನ್ನನ್ನೂ ಒಂದು ದಿನ ತಟ್ಟಿ ನೋಡ್ತಾರೆ ಅಂತ ಕಾಣ್ತದೆ ಅತ್ತೆ” ಎಂದು ನಗುತ್ತಿದ್ದಳು.

ಮನೆಯಲ್ಲಿ ಅವನಿಗೆ ಎರಡೇ ಪ್ರಶ್ನೆ. “ಹೇಳಿದ್ದು ಕೇಳಿತಾ?” “ಕೇಳಿದ್ದು ಮಾಡಿದಿಯಾ?” ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದರೆ ಮಾಡಿನ ರೀಪಿನ, ಹಂಚಿನ ಕೆಳಗೆ ಹೊಡೆಯುವ ಮರದ ಪಟ್ಟಿಯ, ತುಂಡು ಒಂದು ಮೂಲೆಯಲ್ಲಿ ಕಾಯುತ್ತಿತ್ತು. ಬೇರೆಯವರಿಗೆ ಅವನು ಮೃದು. ನನಗೆ ಅಲ್ಲ. ಹಾಗಾಗಿ ಅವನನ್ನು ಬರೀ ಪ್ರೀತಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೆದರುತ್ತಿದ್ದೆ. ಒಮ್ಮೆಯಾದರೂ ಅವನನ್ನು ಕೇಳದೆ ಏನಾದರೂ ಮಾಡಿ ಗೆಲ್ಲಬೇಕು ಎಂಬ ಆಸೆ ನನ್ನ ಹೊಟ್ಟೆಯೊಳಗೆ ಚಿಕ್ಕಂದಿನಿಂದ ಇತ್ತು.

ಆದಿತ್ಯವಾರ ಆರಾಧನೆಯಾದ ಮೇಲೆ ನಮ್ಮ ಕ್ರೈಸ್ತ ದೇವಾಲಯದ ಜಗಲಿಯಲ್ಲಿ ಅವನು ಸಂಡೇ ಸ್ಕೂಲಿನ ಮಾಸ್ಟರ್. ಗಂಜಿ ಹಾಕಿದ ಬಿಳಿ ಅಂಗಿ, ಬರಿಗಾಲು, ಎಷ್ಟು ತೊಳೆದರೂ ಹೋಗದ ಹೊಗೆಯ ವಾಸನೆ. ಅವನಿಗೆ ಸೌಲನ ನಂತರ ರಾಜರಾದ ದಾವೀದ, ಸೊಲೊಮೋನರಿಗಿಂತಲೂ ಇಷ್ಟವಾದ ಪಾಠ ಸೌಲನದ್ದು. ಇಸ್ರಾಯೇಲಿನ ಮೊದಲ ರಾಜ, ಜನರೆಲ್ಲರಿಗಿಂತ ಒಂದು ತಲೆ ಎತ್ತರದವನು. ಮಕ್ಕಳಲ್ಲಿ ನಾನೇ ಉದ್ದ.

“ನೀನು ಬೆಂಚಿನ ಮೇಲೆ ನಿಲ್ಲು. ನೀನು ಸೌಲ.”

ಹೀಗೆ ನಾಲ್ಕು ವರ್ಷ ನಾನು ಸೌಲನಾಗಿದ್ದೆ. ಕೇರಿಯ ಹುಡುಗರು ಗೋಲಿ ಆಡುವಾಗಲೂ ನನ್ನನ್ನು ಸೌಲ ಎಂದೇ ಕರೆಯುತ್ತಿದ್ದರು.

ಆ ಪಾಠವನ್ನು ಅಣ್ಣ ಹೇಳುತ್ತಿದ್ದ ರೀತಿ ಈಗಲೂ ಕಿವಿಯಲ್ಲಿ ಉಂಟು. ಶತ್ರು ಎದುರಿಗಿದ್ದಾನೆ. ಪ್ರವಾದಿ ಸಮುವೇಲ ಹೇಳಿ ಕಳಿಸಿದ್ದಾನೆ: ಏಳು ದಿನ ಕಾಯಿ, ನಾನು ಬಂದು ಯಜ್ಞ ಅರ್ಪಿಸುತ್ತೇನೆ, ಆಮೇಲೆ ಯುದ್ಧ. ಸೌಲ ಏಳು ದಿನ ಕಾಯುತ್ತಾನೆ. ಸಮುವೇಲ ಬರುವುದಿಲ್ಲ. ಸೈನಿಕರು ಒಬ್ಬೊಬ್ಬರಾಗಿ ಚದುರುತ್ತಾರೆ. ಸೌಲನಿಗೆ ತಡೆಯಲಾಗುವುದಿಲ್ಲ, ತಾನೇ ಯಜ್ಞ ಅರ್ಪಿಸಿಬಿಡುತ್ತಾನೆ. ಮುಗಿಯಿತೋ ಇಲ್ಲವೋ, ಸಮುವೇಲ ಬಂದು ನಿಂತು, ಯಾಕೆ ಕಾಯಲಿಲ್ಲ ಎಂದು ಸೌಲನನ್ನು ಬೈಯುತ್ತಾನೆ.

ಹತ್ತು ವರ್ಷದ ನಾನು ಬೆಂಚಿನ ಮೇಲಿಂದಲೇ ಕೇಳಿದೆ. “ಮಾಸ್ಟ್ರೇ, ಸಮುವೇಲ ಹೇಳಿದ ಹೊತ್ತಿಗೆ ಬರ್ಲಿಲ್ಲ ಅಲ್ವಾ? ಅವನಿಗೆ ಯಾಕೆ ಯಾರೂ ಬೈಯುದಿಲ್ಲ?”

ಮಕ್ಕಳು ಕಿಸಕ್ಕನೆ ನಕ್ಕರು. ಅಣ್ಣ ಬೆಂಚನ್ನು ಗೆಣ್ಣಿನಿಂದ ಒಮ್ಮೆ ತಟ್ಟಿದ.

“ಅದು ಸಮುವೇಲನ ವಿಷಯ. ಅವ ದೇವರಿಗೆ ಹೇಳ್ತಾನೆ. ನೀನು ಸೌಲ, ನಿನ್ನದ್ದು ನೋಡು.”

ಮನೆಗೆ ಬಂದ ಮೇಲೆ ಎರಡು ಪೆಟ್ಟು ಬಿತ್ತು. ಉತ್ತರ ಸಿಗಲಿಲ್ಲ.

ಮುಂದಿನ ವಾರದ ಪಾಠ ಅದಕ್ಕಿಂತ ಬಿಸಿ. ಅಮಾಲೇಕ್ಯರೆಂಬ ಶತ್ರುಗಳನ್ನು ಗೆದ್ದಾಗ ಅವರ ಒಂದು ಕುರಿಯನ್ನೂ ಉಳಿಸಬಾರದು ಎಂದು ದೇವರ ಅಪ್ಪಣೆಯಾಗಿತ್ತು. ಸೌಲ ಒಳ್ಳೊಳ್ಳೆಯ ಕುರಿಗಳನ್ನು ಉಳಿಸಿದ. ಸಮುವೇಲ ಕೇಳಿದಾಗ ನಾನಲ್ಲ, ಜನ ಉಳಿಸಿಕೊಂಡರು ಎಂದುಬಿಟ್ಟ. ಇಲ್ಲಿಗೆ ಬಂದಾಗ ಅಣ್ಣನ ಮುಖ ಕೆಂಪಾಗುತ್ತಿತ್ತು.

“ಕುರಿ ಉಳಿಸಿದ್ದು ತಪ್ಪೇ. ಆದರೆ ಅದಕ್ಕಿಂತ ದೊಡ್ಡ ತಪ್ಪು ಆ ಮಾತು. ತಲೆಯಾಳು ಆದವ ಜನರನ್ನು ಮುಂದೆ ನೂಕಿ, ತಾನು ಹಿಂದೆ ಅಡಗುದಾ? ಥೂ!” ನಿಜವಾಗಿಯೂ ಜಗಲಿಯಿಂದ ಆಚೆ ಬಾಗಿ ಉಗಿಯುತ್ತಿದ್ದ. “ಅವತ್ತೇ ಅವನ ರಾಜ್ಯ ಹೋಯ್ತು. ಸಿಂಹಾಸನದಲ್ಲಿ ಮತ್ತೆಷ್ಟು ವರ್ಷ ಕೂತರೂ ಎಂತ ಪ್ರಯೋಜನ?”

ಭಟ್ಟಿಯಲ್ಲಿಯೂ ಅಣ್ಣ ತನ್ನ ಈ ಮಾತಿನಂತೆಯೇ ನಡೆದ. ಸೌದೆ ಹಾಕುವವನು ತೂಕಡಿಸಿದರೂ, ಹಂಚು ಜೋಡಿಸುವವನು ಅವಸರ ಮಾಡಿದರೂ ಅಣ್ಣ ರೈಟರ ಮುಂದೆ ಹೋಗಿ ನಿಂತು “ನನ್ನಿಂದ ತಪ್ಪಾಯ್ತು” ಎನ್ನುತ್ತಿದ್ದ. ರೈಟರ್ ಎಂದರೆ ಕಾರ್ಖಾನೆಯ ಗುಮಾಸ್ತ, ನಮ್ಮ ದೇವಾಲಯದ ಸಭೆಯ ಹಿರಿಯರಲ್ಲೂ ಒಬ್ಬರು. ಹೊರಗೆ ಬಂದ ಮೇಲೆ ತಪ್ಪು ಮಾಡಿದವನಿಗೆ ಅಣ್ಣನಿಂದ ಬೇರೆ ಪೂಜೆ ಆಗುತ್ತಿತ್ತು, ಅದು ಬೇರೆ ಮಾತು. ಹಂಚು ಹೊರುವ ಕಮಲಕ್ಕ ನನ್ನೊಡನೆ ಹೇಳುತ್ತಿದ್ದಳು: “ನಿನ್ನಣ್ಣ ಭಟ್ಟಿಗಿಂತ ಬಿಸಿ ಮಾರಾಯ. ಭಟ್ಟಿಯಾದ್ರೆ ನಾಲ್ಕು ದಿನ ಬಿಟ್ರೆ ತಣಿತದೆ.”

ನಮ್ಮ ಭಟ್ಟಿ ಉದ್ದದ್ದು, ಒಳಗೆ ಸಾಲಾಗಿ ಕೋಣೆಗಳು. ಹಸಿ ಹಂಚು ತುಂಬಿದ ಮೇಲೆ ಕೋಣೆಯ ಬಾಗಿಲನ್ನು ಇಟ್ಟಿಗೆಯಿಟ್ಟು ಕೆಸರು ಮೆತ್ತಿ ಮುಚ್ಚಬೇಕು. ಮೇಲಿನ ತೂತುಗಳಿಂದ ಸೌದೆ ಇಳಿಸಿ ಬೇಯಿಸಬೇಕು. ಆಮೇಲೆ ಮುಟ್ಟದೆ ತಣಿಯಲು ಬಿಡಬೇಕು. ಅವಸರದಲ್ಲಿ ಒಡೆದರೆ ಹೊರಗಿನ ತಣ್ಣನೆಯ ಗಾಳಿ ನುಗ್ಗಿ ಬೆಂದ ಹಂಚೆಲ್ಲ ಬಿರಿಯುತ್ತದೆ. ಯಾವಾಗ ಒಡೆಯಬೇಕೆಂದು ತಿಳಿಯಲು ಅಣ್ಣ ಮುಚ್ಚಿದ ಗೋಡೆಗೆ ಮೊದಲು ಅಂಗೈ, ಆಮೇಲೆ ಕೆನ್ನೆ ತಾಗಿಸುತ್ತಿದ್ದ. ಅವನ ಕೈಕೆಳಗೆ ಅದೇ ಭಟ್ಟಿಯಲ್ಲಿ ದುಡಿಯುತ್ತಿದ್ದರೂ, ಎಷ್ಟು ದಿನ ನೋಡಿದರೂ ಆ ಕಲೆ ನನಗೆ ಹತ್ತಲಿಲ್ಲ.

ಐವತ್ತರ ದಶಕದ ಕೊನೆಯ ಒಂದು ಮೇ ತಿಂಗಳು. ಮಳೆ ಹಿಡಿದರೆ ಕಡಲಿನ ದಾರಿ ಮುಚ್ಚುತ್ತದೆ. ಬಂದರಿನಲ್ಲಿ ಆ ಸಲದ ಕೊನೆಯ ಮಂಜಿ, ಸರಕು ಸಾಗಿಸುವ ದೊಡ್ಡ ಹಾಯಿದೋಣಿ, ನಮ್ಮ ಹಂಚಿಗಾಗಿ ಕಾಯುತ್ತಿತ್ತು. ಆಗಲೇ ಮುಲ್ಕಿಯಿಂದ ಸುದ್ದಿ ಬಂತು: ಅತ್ತಿಗೆಯ ಅಪ್ಪ ತೀರಿಕೊಂಡರು. ಭಟ್ಟಿ ನೋಡಿಕೊಳ್ಳಲು ಹೇಳಿ ಹೊರಡುವ ಮೊದಲು ಅಣ್ಣ ನನ್ನನ್ನು ಏಳನೇ ಕೋಣೆಯ ಎದುರು ನಿಲ್ಲಿಸಿದ. ಗೋಡೆಗೆ ಕೆನ್ನೆಯಿಟ್ಟು ನೋಡಿದ.

“ಇನ್ನೂ ಮೂರು ದಿನವಾದರೂ ಬೇಕು, ಹೆಚ್ಚೂ ಆದೀತು. ಬುಧವಾರ ಸಂಜೆಗೆ ನಾನು ಬರ್ತೇನೆ. ಬಂದು ಕೈ ಇಟ್ಟು ನೋಡಿದ ಮೇಲೆಯೇ ಒಡೆಯುದು. ಯಾರು ಬಂದು ಎಂತ ಹೇಳಿದರೂ ಇದನ್ನು ಮುಟ್ಟಬೇಡ. ಕೇಳಿತಾ?”

“ಕೇಳಿತು.”

ಬುಧವಾರ ಸಂಜೆ ಅವನು ಬರಲಿಲ್ಲ.

ಗುರುವಾರ ಬೆಳಿಗ್ಗೆ ಆಕಾಶ ಕಪ್ಪಾಗಿತ್ತು. ಮಂಜಿಯವರು ಆಳು ಕಳಿಸಿದ್ದರು, ಮಧ್ಯಾಹ್ನ ನೀರು ಇಳಿಯುವ ಹೊತ್ತಿಗೆ ಹೊರಡುತ್ತೇವೆ, ಕಾಯುವುದಿಲ್ಲ ಎಂದು. ರೈಟರು ಛತ್ರಿ ಆಡಿಸುತ್ತ ಮೂರು ಸಲ ಬಂದು ಹೋದರು. “ಎಂತ ಕಾಯುದು ಮಾರಾಯ? ಬುಧವಾರ ಕಳೀತಲ್ಲ? ಒಡೆಸು!” ಹೊರುವ ಹೆಂಗಸರು ತಲೆಯ ಮೇಲಿನ ಬಟ್ಟೆಯ ಸಿಂಬಿ ಬಿಚ್ಚಿ ಸೆರಗಿಗೆ ಕಟ್ಟಿಕೊಂಡರು. ಪಕ್ಕದ ಕಾರ್ಖಾನೆಯಲ್ಲಿ ದೋಣಿ ತುಂಬುವ ಕೆಲಸ ಉಂಟಂತೆ, ಅಲ್ಲಿಗೆ ಹೋಗುತ್ತೇವೆ ಎಂದು ಒಬ್ಬೊಬ್ಬರಾಗಿ ಹೊರಟರು. ಗಂಡಸರಲ್ಲಿ ಯಾರೋ ಹಿಂದಿನಿಂದ, “ಅಣ್ಣ ಬಂದು ಅಪ್ಪಣೆ ಕೊಡದೆ ತಮ್ಮ ಉಸಿರು ಸಹ ಬಿಡುದಿಲ್ಲ” ಎಂದ. ಎಲ್ಲರೂ ನಕ್ಕರು. ಕಮಲಕ್ಕ ಮಾತ್ರ ನಗಲಿಲ್ಲ. “ಬೇಡ ಮಾರಾಯ, ಅವರು ಬರ್ಲಿ” ಎಂದಳು.

ನಾನು ಗೋಡೆಗೆ ಕೈಯಿಟ್ಟೆ. ಬಿಸಿ ಇತ್ತು. ಎಷ್ಟು ಬಿಸಿ ಎಂದು ಗೊತ್ತಾಗಲಿಲ್ಲ. ಗೊತ್ತಾದವನ ಹಾಗೆ ತಲೆ ಆಡಿಸಿದೆ.

“ಒಡೀರಿ” ಎಂದೆ.

ಆ ಮಾತು ಹೇಳುವಾಗ ನನಗೆ ಸಂತೋಷವಾಗಿತ್ತು. ಇದನ್ನು ಮುಚ್ಚಿಡಬಾರದು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಬಾಯಿಂದ ಒಂದು ಅಪ್ಪಣೆ ಹೊರಟು, ಜನ ಅದರಂತೆ ನಡೆದರು. ಅರ್ಧ ಗೋಡೆ ಇಳಿದಾಗ ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಅದೇ ಹೊತ್ತಿಗೆ ನದಿಯ ಕಡೆಯಿಂದ ಮಳೆಗಾಳಿ ಬೀಸಿತು. ಕೋಣೆಯೊಳಗೆ ಒಂದು ಟಿಕ್ ಎಂಬ ಸದ್ದು. ಆಮೇಲೆ ಇನ್ನೊಂದು. ಮತ್ತೆ ನೂರಾರು, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಸದ್ದು ನಿಂತ ಮೇಲೆ ಕಮಲಕ್ಕ ಗೋಣಿಬಟ್ಟೆ ಸುತ್ತಿಕೊಂಡು ಒಂದು ಹಂಚನ್ನು ಎತ್ತಿದಳು. ಅದು ಅವಳ ಕೈಯಲ್ಲಿ ಎರಡಾಯಿತು.

ರೈಟರು ಓಡಿ ಬಂದರು. ಬೆಳಿಗ್ಗೆಯಿಂದ ಒಡೆಸು ಒಡೆಸು ಎಂದವರು ಈಗ ಕೇಳಿದರು: “ಯಾರು ಹೇಳಿದ್ದು ಇದನ್ನು ಒಡೀಲಿಕ್ಕೆ?”

ಸುತ್ತ ಇಪ್ಪತ್ತು ಜನ. ನನ್ನ ಬಾಯಿಗೆ ಸತ್ಯವೂ ಬಂದಿತ್ತು, ಅದು ನನಗೆ ನೆನಪುಂಟು. ಆದರೆ ಹೊರಗೆ ಬಂದದ್ದು ಬೇರೆ.

“ಅಣ್ಣ ಹೇಳಿ ಹೋಗಿದ್ದ. ಬುಧವಾರ ಕಳೆದರೆ ಒಡೀರಿ ಅಂತ.”

ವೇದಪಾಠದಲ್ಲಿ ಸಮುವೇಲ ತಕ್ಷಣ ಬರುತ್ತಾನೆ. ನನ್ನಣ್ಣ ಬಂದದ್ದು ಮಧ್ಯಾಹ್ನ ದಾಟಿದ ಮೇಲೆ. ಮಂಜಿ ಖಾಲಿ ಹೊಟ್ಟೆಯಲ್ಲಿ ಹೊರಟುಹೋಗಿತ್ತು. ಅವನು ಹಂಪನಕಟ್ಟೆಯಲ್ಲಿ ಬಸ್ಸಿಳಿದು ಮನೆಗೂ ಹೋಗದೆ, ಮಳೆಯಲ್ಲಿ ನೆನೆದು, ನೇರವಾಗಿ ಭಟ್ಟಿಗೆ ಬಂದ. ಒಡೆದ ಹಂಚಿನ ರಾಶಿಯಿಂದ ಒಂದು ಚೂರು ತೆಗೆದು ತಟ್ಟಿದ. ಕೆಳಗಿಟ್ಟ. ರೈಟರು ಒಳಗೆ ಕರೆದರು, ನನ್ನನ್ನೂ ಕರೆದರು.

“ಬುಧವಾರ ಕಳೆದರೆ ಒಡೀಲಿಕ್ಕೆ ನೀನೇ ಹೇಳಿ ಹೋಗಿದ್ದಂತೆ. ಹೌದಾ?”

ಅಣ್ಣ ನನ್ನ ಕಡೆ ತಿರುಗಿದ. ಸಿಟ್ಟು ಇರಲಿಲ್ಲ. ತಲೆ ಸ್ವಲ್ಪ ಓರೆಯಾಗಿತ್ತು. ನಾನು ನೆಲ ನೋಡಿದೆ.

“ಬುಧವಾರ ಬರ್ತೇನೆ ಅಂತ ಹೇಳಿದವ ನಾನು,” ಎಂದ. “ಬರ್ಲಿಲ್ಲ. ತಪ್ಪು ತಡ ಮಾಡಿದವನದ್ದು.”

“ಕೇಳಿದ್ದಕ್ಕೆ ಉತ್ತರ ಕೊಡು. ನೀನು ಹೇಳಿದ್ದಾ, ಇವ ಮಾಡಿದ್ದಾ?”

“ಭಟ್ಟಿ ನನ್ನ ಕೈಯಲ್ಲಿದ್ದದ್ದು. ಅದರಲ್ಲಿ ಆದದ್ದಕ್ಕೆಲ್ಲ ಉತ್ತರ ಕೊಡುವವ ನಾನು. ಬೇರೆಯವರನ್ನು ಯಾಕೆ ಕೇಳುದು?”

ಬೆಂಚಿನ ಮೇಲೆ ನಿಂತು ಹದಿನೆಂಟು ವರ್ಷದ ಹಿಂದೆ ನಾನು ಕೇಳಿದ ಪ್ರಶ್ನೆಗೆ ಅವನು ಆ ದಿನ ಉತ್ತರ ಕೊಟ್ಟ. ಅವನು ಒಂದು ಸುಳ್ಳನ್ನೂ ಹೇಳಲಿಲ್ಲ. ನನ್ನ ಹೆಸರನ್ನೂ ಹೇಳಲಿಲ್ಲ. ನಾನು ಒಂದೇ ಒಂದು ಸಲ ಬಾಯಿ ತೆರೆದಿದ್ದರೆ ಸಾಕಿತ್ತು.

ಮರುವಾರ ಅಣ್ಣನಿಗೆ ಮೇಸ್ತ್ರಿ ಕೆಲಸ ಹೋಯಿತು. ಭಟ್ಟಿಯ ಮೇಲಕ್ಕೆ ಸೌದೆ ಹೊರುವ ಕೆಲಸ ಕೊಟ್ಟರು. “ನಿನ್ನಣ್ಣನ ಕೆಲಸ ನಿನಗೆ ಗೊತ್ತುಂಟಲ್ಲ” ಎಂದು ರೈಟರು ನನ್ನನ್ನು ಮೇಸ್ತ್ರಿ ಮಾಡಿದರು. ನಾನು ಬೇಡ ಎನ್ನಲಿಲ್ಲ. ಸಭೆಯಲ್ಲಿಯೂ ಅವರೇ ಮುಂದಾಗಿ, ಜವಾಬ್ದಾರಿ ಬಿಟ್ಟು ಹೋದವನು ಮಕ್ಕಳಿಗೆ ಎಂತ ಕಲಿಸುವುದು ಎಂದರು. ಸಂಡೇ ಸ್ಕೂಲಿಗೆ ಬೇರೆ ಮಾಸ್ಟರ್ ಬಂದ. ಅಣ್ಣ ಆದಿತ್ಯವಾರ ಆರಾಧನೆ ಮುಗಿದ ಕೂಡಲೇ ಜಗಲಿಯ ಕಡೆ ನೋಡದೆ ಮನೆಗೆ ಬರತೊಡಗಿದ.

ನಾನು ಮೇಸ್ತ್ರಿಯಾದ ದಿನದಿಂದ ಅವನು ನನ್ನ ಕೈಕೆಳಗಿನವನು. ನಿಜವಾದ ಶಿಕ್ಷೆ ಆಗ ಶುರುವಾಯಿತು. ಅವನು ನನ್ನ ಪ್ರತಿಯೊಂದು ಮಾತಿನಂತೆ ನಡೆದ.

“ಮೇಸ್ತ್ರಿಗಳೇ, ಯಾವ ಸಾಲಿಗೆ ಹಾಕ್ಲಿ?”

ಎಲ್ಲರ ಎದುರು ಹಾಗೆಯೇ ಕರೆಯುತ್ತಿದ್ದ. ತಮಾಷೆ ಇಲ್ಲ, ಕೊಂಕು ಇಲ್ಲ. ಒಮ್ಮೆ ನಾನು ತಪ್ಪು ಸಾಲಿಗೆ ಹೆಚ್ಚು ಸೌದೆ ಹಾಕಲು ಹೇಳಿದೆ. “ಸ್ವಲ್ಪ ಜಾಸ್ತಿ ಆಗ್ತದೆ ಅಂತ ಕಾಣ್ತದೆ ಮೇಸ್ತ್ರಿಗಳೇ. ಹಾಕ್ಲಾ?” ಎಂದ. ನನಗೆ ರೋಷ ಬಂತು, ಹಾಕು ಎಂದೆ. ಹಾಕಿದ. ಹಂಚು ಹೆಚ್ಚು ಬೆಂದು ಸೊಟ್ಟಗಾಯಿತು. ಆ ಬಗ್ಗೆ ಅವನು ಆ ದಿನವೂ ಮಾತೆತ್ತಲಿಲ್ಲ, ಮತ್ತೆಂದೂ ಎತ್ತಲಿಲ್ಲ.

ಒಂದು ದಿನ ಯಾರೂ ಇಲ್ಲದಾಗ ಬೇಡಿಕೊಂಡೆ. “ಅಣ್ಣ, ನನ್ನನ್ನು ಹಾಗೆ ಕರೀಬೇಡ.”

“ಮತ್ತೆ ಎಂತ ಕರೀಲಿ? ಇಲ್ಲಿ ನೀನು ಮೇಸ್ತ್ರಿ ಅಲ್ವಾ?” ಹೆಗಲಿನ ಸೌದೆ ಇಳಿಸಿ ಬೆವರು ಒರೆಸಿಕೊಂಡ. “ಸೌಲ ಕೊಲ್ಲಲಿಕ್ಕೆ ಅಟ್ಟಿಸಿಕೊಂಡು ಬಂದರೂ ದಾವೀದ ಅವನನ್ನು ಕೊನೆವರೆಗೂ ರಾಜ ಅಂತಲೇ ಕರೆದ.”

ಅದು ಪ್ರೀತಿಯೋ ಶಿಕ್ಷೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಕೆಲವು ದಿನ ಅದನ್ನು ಅಹಂಕಾರ ಎಂದುಕೊಂಡೆ. ದಾವೀದನಾಗಿರುವುದು ಅವನಿಗೆ ಗೊತ್ತಿತ್ತು. ಅಂಥವನ ಎದುರು ದಿನವೂ ಸೌಲನಾಗಿ ನಿಲ್ಲುವವನ ಪಾಡು ಅವನಿಗೆ ಗೊತ್ತಿರಲಿಲ್ಲ. ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ ಶುರುವಾದಾಗ ನಮ್ಮ ಕಾರ್ಖಾನೆಯ ಎಷ್ಟೋ ಜನ ಅಲ್ಲಿಗೆ ಹೋದರು, ಅವನನ್ನೂ ಕರೆದರು. ಅವನು ಹೋಗಲಿ ಎಂದು ನಾನು ಪ್ರಾರ್ಥನೆ ಮಾಡಿದ್ದುಂಟು. ಹೋಗಲಿಲ್ಲ. “ಇಲ್ಲಿ ಸೌದೆ ಹೊರಲಿಕ್ಕೂ ಜನ ಬೇಕಲ್ಲ ಮಾರ್ರೆ” ಎಂದನಂತೆ.

ಅವನ ಮೌನದ ಬೆಲೆಯನ್ನು ಅವನೊಬ್ಬನೇ ತೆತ್ತದ್ದಲ್ಲ. ಇದನ್ನು ಅವನು ಬದುಕಿದ್ದರೆ ಅವನಿಗೇ ಹೇಳಬೇಕಿತ್ತು. ಅತ್ತಿಗೆಗೆ ಅವನು ನಡೆದದ್ದನ್ನು ಹೇಳಿರಲೇ ಇಲ್ಲ. ಒಂದು ದಿನ ಬಾವಿಕಟ್ಟೆಯಲ್ಲಿ ಕೊಡ ಎತ್ತುತ್ತಾ ಅವಳು ನನ್ನೊಡನೆ ಹೇಳಿದಳು.

“ಬುಧವಾರ ಅವರು ಹೊರಟೇ ನಿಂತಿದ್ರು. ಅಮ್ಮ ಅಳ್ತಾ ಇದ್ರು, ನಾನೇ ಇನ್ನೊಂದು ದಿನ ಇರಿ ಅಂದೆ. ನಾನು ಸುಮ್ಮನೆ ಕಳಿಸಿದ್ದರೆ ಅವರ ಕೆಲಸ ಹೋಗ್ತಿರ್ಲಿಲ್ಲ. ನನ್ನಿಂದಾಗಿಯೇ ಆದದ್ದು.”

“ಹಾಗೆಲ್ಲ ಇಲ್ಲ ಅತ್ತಿಗೆ” ಎಂದೆ. ಅಷ್ಟೇ ಎಂದೆ.

ಆಮೇಲೆ ಅವಳು ತವರಿನಲ್ಲಿ ಒಂದು ರಾತ್ರಿಯೂ ಉಳಿಯಲಿಲ್ಲ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಅವಳ ಅಮ್ಮನನ್ನು ಮಣ್ಣು ಮಾಡಿದ ದಿನವೂ ಸಂಜೆಗೆ ವಾಪಸು ಬಂದು, ಅಣ್ಣನಿಗೆ ಊಟ ಬಡಿಸಿದಳು. ಅಳುತ್ತಾ ಬಡಿಸಿದಳು. ಆ ದಿನ ನಾನು ಅಲ್ಲೇ ಇದ್ದೆ. ಒಂದು ಮಾತಿನಿಂದ ನಾನು ಅವಳ ಹೊರೆ ಇಳಿಸಬಹುದಿತ್ತು. ಮೇಸ್ತ್ರಿ ಕೆಲಸ, ಸಭೆಯ ಹಿರಿಯರ ಸಾಲಿನಲ್ಲಿ ಸಿಗಬಹುದಾದ ಕುರ್ಚಿ, ನನ್ನ ಮಕ್ಕಳ ಮುಖ ಎಲ್ಲ ನೆನಪಾದವು. ಬಾಯಿ ತೆರೆಯಲಿಲ್ಲ.

ಎದೆ ಕೆಟ್ಟು ಇನ್ನು ಹೊರಲಾಗುವುದಿಲ್ಲ ಎಂದಾದ ದಿನ ಅಣ್ಣ ಕೊನೆಯ ಹೊರೆ ಇಳಿಸಿ ನನ್ನ ಹತ್ತಿರ ಬಂದ. ಕೆಮ್ಮು ನಿಲ್ಲುವವರೆಗೆ ಕಾದ. “ಇನ್ನು ಎಂತ ಉಂಟು ಮೇಸ್ತ್ರಿಗಳೇ?” ಎಂದ. ಹೇಳಲು ನನ್ನ ಹತ್ತಿರ ಎಷ್ಟಿತ್ತು! “ಎಂತ ಇಲ್ಲ. ಹೋಗು” ಎಂದೆ.

ಫಳ್ನೀರಿನ ಆಸ್ಪತ್ರೆಯಲ್ಲಿ ಅವನು ಹನ್ನೊಂದು ದಿನ ಮಲಗಿದ್ದ. ನಾನು ಬೆಳಿಗ್ಗೆ ಗಂಜಿ ಒಯ್ಯುತ್ತಿದ್ದೆ. ಒಂದು ಬೆಳಿಗ್ಗೆ ಧೈರ್ಯ ಮಾಡಿದೆ. “ಅಣ್ಣ, ಆ ಏಳನೇ ಕೋಣೆ...”

“ಗಂಜಿಗೆ ಉಪ್ಪು ಕಡಿಮೆ ಉಂಟು” ಎಂದ.

ನನ್ನನ್ನು ತಡೆಯಲು ಹೇಳಿದನೋ, ನಿಜವಾಗಿಯೂ ಉಪ್ಪು ಕಡಿಮೆಯಿತ್ತೋ ಗೊತ್ತಿಲ್ಲ. ನಾನು ಉಪ್ಪು ತರಲು ಎದ್ದುಹೋದೆ. ಸಂತೋಷದಿಂದ ಎದ್ದುಹೋದೆ. ಮೂರು ದಿನದ ಮೇಲೆ ಅವನು ತೀರಿಕೊಂಡ.

ನಮ್ಮ ಸಭೆಯಲ್ಲಿ ಕರ್ತನ ಭೋಜನದ ಹಿಂದಿನ ಶನಿವಾರ ಮಧ್ಯಾಹ್ನ ಸಿದ್ಧತೆಯ ಆರಾಧನೆ ಉಂಟು. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವವರು ಹೆಸರು ಕೊಟ್ಟು ಬರಬೇಕು. ಸಭೆಯ ಪಾದ್ರಿಗಳಾದ ಅಯ್ಯನವರು ಕೇಳುತ್ತಾರೆ, ಯಾರಿಗಾದರೂ ಯಾರ ಮೇಲಾದರೂ ಏನಾದರೂ ಇದ್ದರೆ ಈಗಲೇ ಎದ್ದು ಸರಿಪಡಿಸಿಕೊಳ್ಳಿ ಎಂದು. ಸಾಮಾನ್ಯವಾಗಿ ಯಾರೂ ಏಳುವುದಿಲ್ಲ. ಸ್ವಲ್ಪ ಹೊತ್ತು ಕೆಮ್ಮು, ಬೆಂಚಿನ ಕಿರುಗುಟ್ಟುವಿಕೆ, ಆಮೇಲೆ ಪ್ರಾರ್ಥನೆ. ಅಷ್ಟು ವರ್ಷವೂ ಆ ಹೊತ್ತಿನಲ್ಲಿ ನಾನು ಅಣ್ಣನ ಪಕ್ಕದಲ್ಲೇ ಕೂತಿದ್ದೆ. ಅವನೂ ಏಳಲಿಲ್ಲ, ನಾನೂ ಏಳಲಿಲ್ಲ. ಮರುದಿನ ಒಂದೇ ಪಾತ್ರೆಯಿಂದ ಕುಡಿದೆವು.

ಅವನು ಹೋದ ಮೇಲಿನ ಮೊದಲ ಸಿದ್ಧತೆಯ ದಿನ ಅಯ್ಯನವರು ಆ ಮಾತು ಕೇಳಿದಾಗ ನಾನು ಎದ್ದು ನಿಂತೆ.

“ಯಾರ ಮೇಲೆ?” ಎಂದು ಅಯ್ಯನವರು ಮೆಲ್ಲಗೆ ಕೇಳಿದರು.

“ನನಗೆ ಯಾರ ಮೇಲೂ ಇಲ್ಲ ಅಯ್ಯನವರೇ. ನಾನೇ ತಪ್ಪು ಮಾಡಿದವ.”

ಮುಂದಿನ ಸಾಲಿನಿಂದ ಮುದುಕರಾದ ರೈಟರು ತಿರುಗಿದರು. ಅವರಿಗೆ ಅರ್ಥವಾಗಿತ್ತು. “ಕೂತ್ಕೊಳ್ಳಿ ಮಾರ್ರೆ. ಸತ್ತವರ ವಿಷಯ ಈಗ ಎಂತಕ್ಕೆ?”

ನಾನು ಕೂರಲಿಲ್ಲ. ಹೆಂಗಸರ ಸಾಲಿನ ಕೊನೆಯಲ್ಲಿ ಬಿಳಿ ಸೀರೆಯ ಅತ್ತಿಗೆ ತಲೆ ಎತ್ತಿ ನೋಡುತ್ತಿದ್ದಳು. ಅವಳ ಕಡೆಗೆ ತಿರುಗಿದೆ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

“ಅತ್ತಿಗೆ, ನೀವು ಇನ್ನೊಂದು ದಿನ ಇರಿ ಅಂದದ್ದರಿಂದ ಅಣ್ಣನ ಕೆಲಸ ಹೋದದ್ದಲ್ಲ. ತಾನು ಬರುವವರೆಗೆ ಏಳನೇ ಕೋಣೆ ಮುಟ್ಟಬೇಡ ಅಂತ ಅಣ್ಣ ನನಗೆ ಹೇಳಿ ಹೋಗಿದ್ದ. ಒಡೀರಿ ಅಂದದ್ದು ನಾನು. ಅಣ್ಣ ಹೇಳಿದ್ದು ಅಂತ ಸುಳ್ಳು ಹೇಳಿದ್ದೂ ನಾನು. ಅವನಿಗೆ ಎಲ್ಲ ಗೊತ್ತಿತ್ತು. ನಿಮ್ಮ ಅಮ್ಮ ಹೋದ ದಿನ ನೀವು ಅಲ್ಲಿ ಇರಬಹುದಿತ್ತು ಅತ್ತಿಗೆ. ಅದನ್ನೂ ನಾನೇ ತಪ್ಪಿಸಿದೆ. ನನ್ನಿಂದ ತಪ್ಪಾಯ್ತು. ಅಣ್ಣನ ಹತ್ತಿರ ಕೇಳಬೇಕಿತ್ತು, ಕೇಳ್ಲಿಲ್ಲ. ನಿಮ್ಮ ಹತ್ತಿರ ಕೇಳ್ತೇನೆ. ನನ್ನನ್ನು ಕ್ಷಮಿಸಿ.”